ಬೀಗದಕೈ ಯಾರ ಕೈಗೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ಹಿರಿಯರು ಮುಂಬಯಿಗೆ ಬಂದಿರಲಾರರು. ಇಲ್ಲಿ ಸ್ವಂತವಾಗಿ ಮನೆ ಕಟ್ಟುವ ಭಾಗ್ಯ ನಮ್ಮಲ್ಲಿ ಎಷ್ಟು ಮಂದಿಗುಂಟು? ಯಾರೋ ಕಟ್ಟಿಟ್ಟ ಕಟ್ಟಡದಲ್ಲಿ, ಮೇಲಿನವರ ನೆಲವನ್ನೇ ನಮ್ಮ ಸೂರೆಂದೂ ನಮ್ಮ ನೆಲವನ್ನೇ ಕೆಳಗಿನವರ ಸೂರೆಂದೂ ಒಪ್ಪಿಕೊಂಡು, ಐನೂರು ಚದರಡಿಯಲ್ಲಿ ಸಂಸಾರ ಹೂಡಿದವರು ನಾವು. ನಮ್ಮ ಪಾಲಿಗೆ ಬರುವ ಪರೀಕ್ಷೆ ಬೇರೆ ತರದ್ದು. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಬಚ್ಚಲು ಸೋರತೊಡಗುತ್ತದೆ, ಅಡಿಗೆಮನೆಯ ಕಡಪಾ ಕಲ್ಲು ಬಿರುಕು ಬಿಡುತ್ತದೆ, ಗೀಸರು ಹಾಕಿದಾಗ ಮನೆಯ ದೀಪಗಳೆಲ್ಲ ಕಣ್ಣು ಮಿಟುಕಿಸುತ್ತವೆ. ಆಗ ಒಬ್ಬ ಕಂತ್ರಾಟುದಾರನನ್ನು ಹುಡುಕಬೇಕು. ನಾವು ಲೋಕಲ್ ಗಾಡಿ ಹಿಡಿದು ಆಫೀಸಿಗೆ ಹೋಗುವ ಹೊತ್ತಿಗೆ ಮನೆಯ ಬೀಗದಕೈಯನ್ನು ಅವನ ಕೈಗೆ ಕೊಡಬೇಕು. ಯಾರ ಕೈಗೆ ಎಂಬುದೇ ಪ್ರಶ್ನೆ.

ಇದನ್ನು ಸಂಸಾರದ ಚಿಲ್ಲರೆ ತಾಪತ್ರಯಗಳಲ್ಲಿ ಒಂದೆಂದೇ ನಾವು ಎಣಿಸಿದ್ದೆವು. ಇದರೊಳಗೆ ನೀತಿಯ ಪ್ರಶ್ನೆಯೊಂದು ಕುಳಿತಿದೆಯೆಂದು ತಿಳಿಯಬೇಕಾದರೆ ಎರಡೂವರೆ ಲಕ್ಷ ರೂಪಾಯಿಯೂ, ಅದಕ್ಕಿಂತ ಹೆಚ್ಚಿನದಾದ ಇನ್ನೊಂದೂ ವೆಚ್ಚವಾಗಬೇಕಾಯಿತು. ಅದನ್ನು ಓದುಗರಲ್ಲಿ ಹೇಳಿಕೊಳ್ಳುವುದಕ್ಕಾಗಿ ಈ ಬರಹ.

2018ರ ಮಳೆಗಾಲ ಮುಗಿದು ನವರಾತ್ರಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಕೆಳಮನೆಯ ಗುಜರಾತಿ ಅಜ್ಜಿ ನಮ್ಮ ಕದ ತಟ್ಟಿ, ಹೆಚ್ಚೇನೂ ಹೇಳದೆ, ತಮ್ಮ ಬಚ್ಚಲಿಗೆ ಕರೆದುಕೊಂಡು ಹೋದರು. ಸೂರಿನ ಗಿಲಾವು ಹಪ್ಪಳದಂತೆ ಉಬ್ಬಿ, ಒಂದು ಕಡೆ ಕಳಚಿ ಬಿದ್ದು, ಒಳಗಿನ ಸರಳು ತುಕ್ಕು ಹಿಡಿದು ಕಾಣುತ್ತಿತ್ತು. ಅದರ ಅಡಿಯಲ್ಲಿ ಒಂದು ಬಕೀಟು. ಎಂಟು ದಿನಗಳಿಂದ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಅವರು ಬಚ್ಚಲಿಗೆ ಹೋಗುತ್ತಿದ್ದರಂತೆ. “ನಿಮ್ಮ ನೀರು” ಎಂದರು ಹಿಂದಿಯಲ್ಲಿ, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ನಾವೂ ಎರಡು ಮಾತು ಆಡಿ ಕೆಲಸವನ್ನು ಮುಂದೂಡುತ್ತಿದ್ದೆವೋ ಏನೋ. ಹಾಗಾಗಲಿಲ್ಲ. ನಮ್ಮ ಕಟ್ಟಡ 1984ರದ್ದು. ಮೂವತ್ತನಾಲ್ಕು ವರ್ಷ ದುಡಿದ ಬಚ್ಚಲಿಗೆ ವಿಶ್ರಾಂತಿ ಕೊಡಬೇಕೆಂದೂ, ಹೇಗೂ ಧೂಳೇಳುವುದು ತಪ್ಪದೆಂದಾಗ ಅಡಿಗೆಮನೆಯನ್ನೂ ಸರಿಮಾಡಿಸಿಬಿಡಬೇಕೆಂದೂ ನಿಶ್ಚಯಿಸಿದೆವು.

ಮೂವರು ಬಂದು ನೋಡಿದರು. ಒಬ್ಬರು ಕನ್ನಡ ರಾಜ್ಯೋತ್ಸವದ ಸಮಾರಂಭವೊಂದರಲ್ಲಿ ಪರಿಚಯವಾದವರು, ನಮ್ಮ ಉಡುಪಿ ಕಡೆಯವರೇ. ಇನ್ನೊಬ್ಬ ಕಂಪೆನಿಯ ಕಡೆಯ ಹುಡುಗ; ಕಂಪ್ಯೂಟರಿನಲ್ಲಿ ನಮ್ಮ ಅಡಿಗೆಮನೆಯ ಬಣ್ಣದ ಚಿತ್ರ ತೋರಿಸಿದ. ಆ ಚಿತ್ರದಲ್ಲಿ ನಮ್ಮ ಕಿಟಕಿಯಾಚೆ ಸಮುದ್ರವಿತ್ತು. ಮುಲುಂಡಿನಲ್ಲಿ ನಮ್ಮ ಕಿಟಕಿಯಾಚೆ ಇರುವುದು ಪಕ್ಕದ ಕಟ್ಟಡದ ಪೈಪುಗಳು. ಮೂರನೆಯವನು ಬಂಗಾಳದ ಮಾಲ್ದಾ ಜಿಲ್ಲೆಯಿಂದ ಬಂದ ಕಡಿಯಾ. ಇಲ್ಲಿ ಗಾರೆಯವನನ್ನು ಕಡಿಯಾ ಎನ್ನುತ್ತಾರೆಂಬುದು ಓದುಗರಿಗೆ ಗೊತ್ತೇ ಇದೆ.

ನಮ್ಮವರು ಒಟ್ಟು ಎರಡು ಲಕ್ಷ ಅರವತ್ತು ಸಾವಿರಕ್ಕೆ ಮುಗಿಸಿಕೊಡುತ್ತೇನೆಂದರು. ಕಂಪೆನಿಯ ಹುಡುಗ ಮೂರು ಲಕ್ಷ ಎಪ್ಪತ್ತೈದು ಸಾವಿರವೆಂದ. ಮಾಲ್ದಾದವನು ಮಾತ್ರ ಒಟ್ಟು ಮೊತ್ತ ಹೇಳಲು ಒಪ್ಪಲಿಲ್ಲ. ಹಳೆಯ ಕೋಬಾವನ್ನು ಸ್ಲ್ಯಾಬಿನವರೆಗೆ ಒಡೆಯುವುದಕ್ಕೆ ಇಷ್ಟು, ಹೊಸದಾಗಿ ನೀರುತಡೆ ಹಾಕುವುದಕ್ಕೆ ಇಷ್ಟು, ಪೈಪಿಗೆ ಇಷ್ಟು, ಟೈಲ್ಸಿಗೆ ಚದರಡಿಗೆ ಇಷ್ಟು ಎಂದು ಒಂದು ಹಳೆಯ ಡೈರಿಯ ಹಾಳೆಯಲ್ಲಿ ಬರೆದುಕೊಟ್ಟ. ಕೂಡಿದರೆ ಮೂರು ಲಕ್ಷ ಇಪ್ಪತ್ತು ಸಾವಿರದ ಹತ್ತಿರ ಬಂತು. ಜೊತೆಗೆ ಅವನು ಒಂದು ಅಪರಾಧವನ್ನೂ ಮಾಡಿದ. ಅಡಿಗೆಮನೆಯ ಮೂಲೆಯಲ್ಲಿ ಕಾಂಕ್ರೀಟಿನ ಕಂಬವೊಂದು ಮೂರಂಗುಲ ಮುಂದಕ್ಕೆ ಚಾಚಿಕೊಂಡಿದೆ. ಅದನ್ನು ಕೆತ್ತಿಸಿದರೆ ದೊಡ್ಡ ಫ್ರಿಜ್ಜು ಸರಿಯಾಗಿ ಕೂರುತ್ತದೆಂದು ನಮ್ಮ ಲೆಕ್ಕ. ಕಂಪೆನಿಯ ಹುಡುಗ “ಮಾಡಬಹುದು ಸಾರ್” ಎಂದ. ನಮ್ಮವರು “ಅದೆಂಥ ದೊಡ್ಡ ವಿಷಯ ಮಾರಾಯ್ರೆ” ಎಂದರು. ಮಾಲ್ದಾದವನು ಕಂಬವನ್ನು ಬೆರಳಿನಿಂದ ಕುಟ್ಟಿ ನೋಡಿ, “ಈ ಕೆಲಸ ನಾನು ಮಾಡುವುದಿಲ್ಲ, ನೀವು ಬೇರೆ ಯಾರಿಂದಲೂ ಮಾಡಿಸಬೇಡಿ” ಎಂದ. ಅವನು ಇಳಿದು ಹೋದ ಮೇಲೆ, ಎಷ್ಟು ಜಂಬ ಇವನಿಗೆ ಎಂದು ನಾವು ಮಾತಾಡಿಕೊಂಡೆವು.

ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಏಕೆಂದರೆ ಅದರ ಹಿಂದಿನ ವರ್ಷವಷ್ಟೇ, 2017ರ ಜುಲೈ 25ರಂದು, ನಮ್ಮಿಂದ ದೂರವಲ್ಲದ ಘಾಟ್ಕೋಪರಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೊಂದು ಕುಸಿದು 17 ಮಂದಿ ಸತ್ತಿದ್ದರು. ಕೆಳ ಅಂತಸ್ತಿನಲ್ಲಿ ನಡೆದಿದ್ದ ಮಾರ್ಪಾಟಿನ ಕೆಲಸದಲ್ಲಿ ಕಂಬಗಳಿಗೆ ಕೈಹಾಕಿದರೆಂಬುದು ಅಂದಿನ ಆರೋಪ. ಅದನ್ನು ಓದಿ ಮರುಗಿದವರೂ ನಾವೇ, ಮನುಷ್ಯನ ದುರಾಸೆಯನ್ನು ಬಯ್ದವರೂ ನಾವೇ. ಮರುಗುವಾಗ ಅದು ಘಾಟ್ಕೋಪರಿನ ಕಂಬವಾಗಿತ್ತು. ಈಗ ನಮ್ಮ ಫ್ರಿಜ್ಜಿನ ಕಂಬ. ಸೊಸೈಟಿಯ ಕಾರ್ಯದರ್ಶಿಗಳು ಎಂಜಿನಿಯರರನ್ನು ಕಳುಹಿಸಿ, ಕಂಬ ಮುಟ್ಟಕೂಡದೆಂದು ಬರೆದುಕೊಟ್ಟ ಮೇಲೆಯೇ ಒಪ್ಪಿಗೆ ಪತ್ರ ನೀಡಿದ್ದರಿಂದ ನಾವು ಉಳಿದೆವು. ಇಲ್ಲವಾದರೆ ಮೇಲೆ ಕೆಳಗೆ ಮಲಗುವ ಎಂಟು ಸಂಸಾರಗಳ ತಲೆಯ ಮೇಲೆ ನಮ್ಮ ಮೂರಂಗುಲದ ಆಸೆ ಕೂರುತ್ತಿತ್ತು. ತನಗೆ ಬರುವ ಹಣವನ್ನು ಕಳೆದುಕೊಂಡಾದರೂ ಆಗದೆನ್ನಬಲ್ಲವನು ಎದುರಿಗೆ ನಿಂತಾಗ, ನಮಗೆ ಅವನ ಗುಣ ಕಾಣಲಿಲ್ಲ. ಹೌದೆನ್ನುವವರ ಮುಖವೇ ನಮಗೆ ನಂಬಿಕೆಯ ಮುಖವಾಗಿ ಕಂಡಿತು.

ಬೀಗದಕೈ ನಮ್ಮವರ ಕೈಗೆ ಹೋಯಿತು.

ಏಕೆ ಹಾಗೆ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಕನ್ನಡದವರು ಎಂಬುದಕ್ಕಿಂತ ದೊಡ್ಡ ಕಾರಣವನ್ನು ನಾವು ಕೊಡಲಾರೆವು. ಅವರು ನಮ್ಮ ಮನೆಯ ಚಾಪೆಯ ಮೇಲೆ ಕುಳಿತು, ನೀರುದೋಸೆ ತಿಂದು, “ನೀವು ನಮ್ಮವರು, ನಿಮ್ಮಲ್ಲಿ ಲಾಭ ಮಾಡ್ಲಿಕ್ಕೆ ಉಂಟಾ?” ಎಂದಾಗ ಕರಾರುಪತ್ರದ ಮಾತೆತ್ತುವುದೇ ಒಂದು ಅವಮರ್ಯಾದೆಯಾಗಿ ತೋರಿತು. ಇದನ್ನು ಬರಿಯ ಮೂರ್ಖತನವೆಂದು ತಳ್ಳಿಹಾಕಲು ಈಗಲೂ ಮನಸ್ಸು ಒಪ್ಪುವುದಿಲ್ಲ. ಈ ಊರಿಗೆ ಬರಿಗೈಯಲ್ಲಿ ಬಂದ ನಮ್ಮ ಹಿಂದಿನ ತಲೆಮಾರು ಬದುಕಿದ್ದೇ ‘ನಮ್ಮವರು’ ಎಂಬ ಮಾತಿನ ಮೇಲೆ. ಹೋಟೆಲಿನಲ್ಲಿ ಕೆಲಸ ಕೊಟ್ಟವರು ನಮ್ಮವರು, ಖೋಲಿಯಲ್ಲಿ ಚಾಪೆಯಷ್ಟು ಜಾಗ ಬಿಟ್ಟುಕೊಟ್ಟವರು ನಮ್ಮವರು, ಹಗಲು ದುಡಿದ ಹುಡುಗರಿಗೆ ಕನ್ನಡ ರಾತ್ರಿಶಾಲೆ ನಡೆಸಿದವರು ನಮ್ಮವರು. ಆ ನಂಬಿಕೆ ಸುಳ್ಳಾಗಿರಲಿಲ್ಲ.

ಆದರೆ ಅದು ನಿಂತಿದ್ದ ನೆಲ ಯಾವುದೆಂದು ನಾವು ವಿಚಾರಿಸಿರಲಿಲ್ಲ. ಊರಿನಲ್ಲಿ ಗೋಡೆ ಕಟ್ಟಿದ ಮೇಸ್ತ್ರಿ ಅದೇ ಊರಿನವನು. ಗೋಡೆ ಬಿರಿದರೆ ಕಂಬಳದಲ್ಲಿ, ಕೋಲದಲ್ಲಿ, ಮದುವೆಯ ಚಪ್ಪರದಲ್ಲಿ ಆ ಮಾತು ಬರುತ್ತದೆ; ಅವನ ಮಗಳಿಗೆ ಗಂಡು ನೋಡುವಾಗಲೂ ಬರುತ್ತದೆ. ಅವನ ಪ್ರಾಮಾಣಿಕತೆಗೆ ಊರೆಲ್ಲ ಕಾವಲು. ಮುಂಬಯಿಗೆ ಬಂದಾಗ ನಾವು ಭಾಷೆಯನ್ನು ತಂದೆವು, ಆ ಕಾವಲನ್ನು ತರಲಿಲ್ಲ. ತಲೆಮಾರು ದಾಟುವವರೆಗೂ, ಖೋಲಿಗಳು ಒತ್ತೊತ್ತಾಗಿದ್ದಷ್ಟು ಕಾಲ, ಅದು ಸ್ವಲ್ಪಮಟ್ಟಿಗೆ ಉಳಿದಿತ್ತು. ಈಗ ನಮ್ಮವರೊಬ್ಬರು ವಸಯಿಯಲ್ಲಿ, ಇನ್ನೊಬ್ಬರು ಪನ್ವೇಲಿನಲ್ಲಿ. ವರ್ಷಕ್ಕೊಮ್ಮೆ ಸಮಾರಂಭದಲ್ಲಿ ಭೇಟಿ. ಬೇರು ಕಿತ್ತ ಮೇಲೂ ನಾಲ್ಕು ದಿನ ಹಸಿರಾಗಿರುವ ಕೊಂಬೆಯನ್ನು ನಾವು ಮರವೆಂದು ಎಣಿಸಿದ್ದೆವು.

ಕ್ರಯದ ಮಾತೂ ಇದೆ; ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮವರ ದರ ಹೆಚ್ಚಾಗಿದ್ದರೆ ಅವರು ಅಷ್ಟೊಂದು ನಮ್ಮವರಾಗಿ ಕಾಣುತ್ತಿದ್ದರೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಕುರಿತು ಒಂದು ಲೇಖನ ಬರೆದರು. ಮುಂದೆ 2001ರಲ್ಲಿ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಅವರೂ ಒಬ್ಬರು. ಅವರು ಹೇಳಿದ್ದು ಸರಳವಾದ ಮಾತು. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನಿಗೆ ಗಿಟ್ಟುವುದಿಲ್ಲ, ಅವನು ಪೇಟೆ ಬಿಟ್ಟು ಹೋಗುತ್ತಾನೆ, ಉಳಿಯುವುದು ಕೆಟ್ಟದ್ದು. ನಮ್ಮ ಬಚ್ಚಲಿನಲ್ಲೂ ನಡೆದದ್ದು ಇದೇ. ಹಳೆಯ ಕೋಬಾ ಒಡೆಯುವ ಖರ್ಚನ್ನು ಪ್ರಾಮಾಣಿಕವಾಗಿ ಕಾಗದದ ಮೇಲೆ ತೋರಿಸಿದವನು ದುಬಾರಿಯಾದ, ಹೊರಗಾದ. ಹೊರಗೆ ಹಾಕಿದವರು ನಾವು. ಪೇಟೆ ಕೆಟ್ಟಿತೆಂದು ದೂರುವಾಗ ನಾವು ಆ ಪೇಟೆಯಲ್ಲಿ ಚೀಲ ಹಿಡಿದು ನಿಂತವರೆಂಬುದನ್ನು ಮರೆಯುತ್ತೇವೆ.

ಡಿಸೆಂಬರಿನಲ್ಲಿ ಕೆಲಸ ಸುರುವಾಯಿತು. ಎರಡನೆಯ ವಾರದಲ್ಲಿ ಉಡುಪಿಯಲ್ಲಿ ಅಣ್ಣನ ಮಗಳ ಮದುವೆ. ನಾಲ್ಕು ದಿನ ನಾವು ಊರಲ್ಲಿ ಇರಲಿಲ್ಲ. ತಿರುಗಿ ಬಂದಾಗ ಬಚ್ಚಲಿನ ನೆಲಕ್ಕೆ ಹೊಸ ಟೈಲ್ಸು ಬಿದ್ದು ಕನ್ನಡಿಯಂತೆ ಹೊಳೆಯುತ್ತಿತ್ತು. ಎಷ್ಟು ಬೇಗ ಮುಗಿಸಿದರಲ್ಲ ಎಂದು ಸಂತೋಷಪಟ್ಟೆವು.

ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಒಂದು ಕಥೆ ಬರುತ್ತದೆ. ಲಿಡಿಯಾ ದೇಶದ ಕುರುಬನೊಬ್ಬನಿಗೆ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಅಂಗೈಯ ಕಡೆಗೆ ತಿರುಗಿಸಿದರೆ ಅವನು ಯಾರ ಕಣ್ಣಿಗೂ ಕಾಣುವುದಿಲ್ಲ. ಅಷ್ಟು ಸಿಕ್ಕಿದ್ದೇ ತಡ, ಅವನು ಅರಮನೆ ಹೊಕ್ಕು, ರಾಣಿಯನ್ನು ಒಲಿಸಿಕೊಂಡು, ರಾಜನನ್ನು ಕೊಂದು ಸಿಂಹಾಸನವೇರುತ್ತಾನೆ. ಯಾರೂ ಕಾಣದಿದ್ದರೆ ನ್ಯಾಯವಂತನಾಗಿ ಉಳಿಯುವವನು ಯಾರು ಎಂಬುದು ಅಲ್ಲಿನ ಸವಾಲು. ಕಾಲೇಜಿನಲ್ಲಿ ಇದನ್ನು ಓದಿದಾಗ ಅಂಥ ಉಂಗುರ ಎಲ್ಲಿದೆ ಎಂದು ನಕ್ಕಿದ್ದೆವು. ಮನೆಗೆಲಸದ ಲೋಕದಲ್ಲಿ ಆ ಉಂಗುರ ಎಲ್ಲರ ಬೆರಳಲ್ಲೂ ಇದೆ. ಟೈಲ್ಸಿನ ಅಡಿಯ ನೀರುತಡೆ, ಗೋಡೆಯ ಒಳಗಿನ ಪೈಪು, ಗಿಲಾವಿನ ಹಿಂದಿನ ತಂತಿ, ಒಂದೂ ಕಾಣುವುದಿಲ್ಲ. ಗೀಸರಿಗೆ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಯಬೇಕಾದಲ್ಲಿ ಒಂದೂವರೆಯದನ್ನು ಎಳೆದು ಮೇಲೆ ಸಿಮೆಂಟು ಬಳಿದರೆ, ಅದು ಬಿಸಿಯಾಗಿ ಕರಗುವ ದಿನದವರೆಗೆ ಯಾರಿಗೆ ತಿಳಿಯಬೇಕು?

ಜರ್ಮನಿಯ ಕಾಂಟನು 1785ರಲ್ಲಿ ಬರೆದ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಕಾರನ ಉದಾಹರಣೆ ಇದೆ. ಮಗು ಬಂದರೂ ಅವನು ಹೆಚ್ಚು ಬೆಲೆ ತೆಗೆದುಕೊಳ್ಳುವುದಿಲ್ಲ. ಆದರೆ ಗಿರಾಕಿ ಕೈತಪ್ಪಬಾರದೆಂಬ ಲೆಕ್ಕದಿಂದ ಹಾಗೆ ನಡೆದುಕೊಂಡರೆ ಅದಕ್ಕೆ ನೀತಿಯ ಬೆಲೆ ಇಲ್ಲವೆಂದು ಕಾಂಟನ ತೀರ್ಪು. ನಮಗೆ ಇದು ಬಹಳ ಕಾಲ ಅತಿಯೆಂದೇ ತೋರಿತ್ತು. ತೂಕ ಸರಿಯಾಗಿದ್ದರೆ ಸಾಕು, ಅಂಗಡಿಕಾರನ ಅಂತರಂಗ ಕಟ್ಟಿಕೊಂಡು ಗಿರಾಕಿಗೇನು? ಆದರೆ ಅಂಗಡಿಯ ತಕ್ಕಡಿ ನಮ್ಮ ಕಣ್ಣೆದುರಿಗಿರುತ್ತದೆ. ನಾಳೆ ಮತ್ತೆ ಹೋಗುವ ಅಂಗಡಿ ಅದು. ಬಚ್ಚಲು ಒಡೆಸುವುದು ಜೀವಮಾನಕ್ಕೊಮ್ಮೆ. ಅಲ್ಲಿ ಲೆಕ್ಕದ ಪ್ರಾಮಾಣಿಕತೆಗೆ ಆಸರೆಯೇ ಇಲ್ಲ. ಕಾಂಟನ ಮಾತು ಸಲ್ಲುವುದು ಟೈಲ್ಸಿನ ಅಡಿಯಲ್ಲಿ.

ಈಗ ಹೇಳಲೇಬೇಕಾದ ಸಂಗತಿಗೆ ಬರುತ್ತೇವೆ.

ಒಡೆದ ಇಟ್ಟಿಗೆ ಗಾರೆಗಳನ್ನು ಗೋಣಿಚೀಲಗಳಲ್ಲಿ ತುಂಬಿ ಎರಡು ಅಂತಸ್ತು ಹೊತ್ತು ಇಳಿಸುವುದಕ್ಕೆ ಒಬ್ಬ ಹೆಂಗಸು ಬರುತ್ತಿದ್ದಳು. ಬೆಳಿಗ್ಗೆ ಕಾರ್ಮಿಕರ ನಾಕಾದಲ್ಲಿ ನಿಂತು ಕೂಲಿ ಹುಡುಕುವವರಲ್ಲಿ ಒಬ್ಬಳು, ಯಾದಗಿರಿ ಕಡೆಯವಳು. ಮುಂಬಯಿ ಪುಣೆಗಳ ಅಂಥ ನಾಕಾಗಳಲ್ಲಿ ಕಲಬುರ್ಗಿ, ವಿಜಾಪುರ, ಯಾದಗಿರಿಗಳ ಕನ್ನಡ ಎಷ್ಟು ಕೇಳಿಸುತ್ತದೆಂಬುದನ್ನು ಅಲ್ಲಿ ಎರಡು ನಿಮಿಷ ನಿಂತವರು ಬಲ್ಲರು. ನಾವು ನಿಂತವರಲ್ಲ. ಅವಳು ಬಂದು ಹತ್ತು ದಿನವಾಗಿದ್ದರೂ ನಾವು ಅವಳೊಡನೆ ಹಿಂದಿಯಲ್ಲಿ ಮಾತಾಡಿದ್ದೆವು, ಅದೂ “ಇಲ್ಲಿ ಇಡು, ಅಲ್ಲಿ ಗುಡಿಸು” ಎಂಬಷ್ಟು. ನಮ್ಮವರು ಎಂಬ ಮಾತು ನೀರುದೋಸೆ ತಿಂದವರಿಗೆ ಮೀಸಲಾಗಿತ್ತು.

ಊರಿನಿಂದ ಬಂದ ಮರುದಿನ ಮೇಸ್ತ್ರಿ ಚಹಕ್ಕೆ ಇಳಿದಿದ್ದಾಗ ಅವಳು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. “ಅಕ್ಕಾರ, ಒಂದ್ ಮಾತ ಹೇಳ್ಲೇನ್ರಿ? ಹಳೀ ಕೋಬಾ ಒಡದೇ ಇಲ್ರಿ. ಒಡದಿದ್ರ ಐವತ್ತರ ಮ್ಯಾಲ ಚೀಲ ಆಗ್ತಿದ್ವು. ನಾ ಇಳಿಸಿದ್ದು ಬರೇ ಹದಿನೆಂಟು. ಅದರ ಮ್ಯಾಲೇ ಫರ್ಸಿ ಕುಂದ್ರಸ್ಯಾರ. ಮತ್ತ ಸೋರ್ತದ ನೋಡ್ರಿ. ನಾ ಹೇಳೀನಂತ ಮಾತ್ರ ಹೇಳಬ್ಯಾಡ್ರಿ, ನನ್ನ ಕೂಲಿ ಹೋಗ್ತದ.”

ಎಂಜಿನಿಯರರ ಪರೀಕ್ಷೆ ಬೇಕಾಗಲಿಲ್ಲ. ಅವಳ ತಲೆ ಲೆಕ್ಕ ಇಟ್ಟಿತ್ತು.

ಹೇಳುವುದಿಲ್ಲವೆಂದು ಮಾತು ಕೊಟ್ಟೆವು. ಸಂಜೆ ಕಂತ್ರಾಟುದಾರರು ಬಂದರು. ಮೊದಲು ಮೆತ್ತಗೆ ಕೇಳಿದೆವು. ಎಲ್ಲ ಒಡೆದು ಹೊಸದಾಗಿ ಮಾಡಿದ್ದೇವೆ, ದೇವರಾಣೆ ಎಂದರು. ಊರಿನ ದೇವರ ಹೆಸರನ್ನೇ ಹೇಳಿದರು. ಆಗ ಸಿಟ್ಟು ನೆತ್ತಿಗೇರಿತು. “ಎಲ್ಲ ಒಡೆದಿದ್ದರೆ ಹದಿನೆಂಟೇ ಚೀಲ ಹೇಗಾಯಿತು?” ಎಂದುಬಿಟ್ಟೆವು. ಅವರು ಉತ್ತರ ಕೊಡಲಿಲ್ಲ. ಮೆಟ್ಟಲ ಬಳಿ ಸೆರಗಿನಲ್ಲಿ ಧೂಳು ಝಾಡಿಸುತ್ತಿದ್ದ ಆಕೆಯ ಕಡೆಗೆ ಒಮ್ಮೆ ತಿರುಗಿ ನೋಡಿದರು, ಅಷ್ಟೆ.

ನಾಲ್ಕು ಟೈಲ್ಸು ಎಬ್ಬಿಸಿದಾಗ ಹಳೆಯ ಕೋಬಾ ಕಪ್ಪಗೆ, ಹಸಿಯಾಗಿ ಅಲ್ಲೇ ಇತ್ತು. ಜಗಳವಾಯಿತು. ಸೊಸೈಟಿಯವರು ನಡುವೆ ಬಂದರು. ಎಲ್ಲವನ್ನೂ ಸ್ಲ್ಯಾಬಿನವರೆಗೆ ಒಡೆದು, ನೀರುತಡೆ ಹಾಕಿ, ಮೂರು ದಿನ ನೀರು ನಿಲ್ಲಿಸಿ, ಕೆಳಗಿನ ಅಜ್ಜಿಯ ಸೂರಿನಲ್ಲಿ ಒಂದು ಹನಿಯೂ ಕಾಣದ ಮೇಲೆಯೇ ಟೈಲ್ಸು ಹಾಕಬೇಕೆಂದು ತೀರ್ಮಾನವಾಗಿ, ಖರ್ಚನ್ನು ಅರ್ಧರ್ಧ ಹಂಚಿಕೊಂಡೆವು. ಇಂದಿಗೂ ಆ ಬಚ್ಚಲು ಸೋರಿಲ್ಲ. ಆಕೆ ಮಾತ್ರ ಮರುದಿನದಿಂದ ಬರಲಿಲ್ಲ. ಕೇಳಿದ್ದಕ್ಕೆ, ಬೇರೆ ಕಡೆ ಕೆಲಸವಿದೆಯಂತೆ ಎಂದರು. ಆ ವಾರದ ಕೂಲಿ ಕೊಟ್ಟಿದ್ದರೋ ಇಲ್ಲವೋ, ನಾವು ವಿಚಾರಿಸಲಿಲ್ಲ. ಆಗ ನಮಗೆ ನಮ್ಮ ಟೈಲ್ಸಿನದೇ ಚಿಂತೆ.

ನಾವು ಅವಳ ಹೆಸರು ಹೇಳಲಿಲ್ಲ ನಿಜ. ಅಕ್ಷರಶಃ ನೋಡಿದರೆ ಮಾತು ಉಳಿಸಿಕೊಂಡಿದ್ದೇವೆ. ಹದಿನೆಂಟು ಎಂಬ ಅಂಕೆಯನ್ನು ಎಣಿಸಬಲ್ಲವರು ಆ ಮನೆಯಲ್ಲಿ ಒಬ್ಬರೇ ಇದ್ದರು ಎಂಬುದು ಹೊಳೆಯಲು ನಮಗೆ ಒಂದು ಗಳಿಗೆ ತಡೆದುಕೊಂಡಿದ್ದರೆ ಸಾಕಿತ್ತು. ಕೋಬಾ ಒಡೆಯದೆ ಟೈಲ್ಸು ಹಾಕಿದವರೂ ಅಕ್ಷರಶಃ ಟೈಲ್ಸು ಹಾಕಿದ್ದರು ತಾನೆ?

ಆನೆಟ್ ಬೈಯರ್ ಎಂಬ ತತ್ತ್ವಜ್ಞೆ 1986ರ ಪ್ರಬಂಧವೊಂದರಲ್ಲಿ, ಒಬ್ಬರ ಮೇಲೆ ಭಾರ ಹಾಕುವುದಕ್ಕೂ ಒಬ್ಬರನ್ನು ನಂಬುವುದಕ್ಕೂ ಇರುವ ಅಂತರವನ್ನು ವಿವರಿಸಿದ್ದಾರೆ. ಭಾರ ಹಾಕಿದ್ದು ತಪ್ಪಿದರೆ ನಮಗೆ ನಿರಾಸೆ, ನಂಬಿದ್ದು ತಪ್ಪಿದರೆ ದ್ರೋಹ. ನಂಬುವವನು ತನಗೆ ಕೇಡು ಮಾಡುವ ಶಕ್ತಿಯನ್ನು ಇನ್ನೊಬ್ಬನ ಕೈಗೆ ತಾನೇ ಕೊಟ್ಟಿರುತ್ತಾನೆ. ನಮ್ಮ ಭಾಷೆಗೆ ಇದು ಹೊಸದಲ್ಲ. ವಿಶ್ವಾಸ ಎಂಬ ಒಂದೇ ಮಾತಿನಲ್ಲಿ ನಾವು ನಂಬಿಕೆಯನ್ನೂ ಪ್ರೀತಿಯನ್ನೂ ಇಟ್ಟಿದ್ದೇವೆ, ಕಾಗದದ ಕೊನೆಯಲ್ಲಿ ‘ವಿಶ್ವಾಸವಿರಲಿ’ ಎಂದು ಬರೆಯುತ್ತೇವೆ. ಈ ಅಳತೆಯಿಂದ ನೋಡಿದರೆ ನಾವು ಕಂತ್ರಾಟುದಾರರನ್ನು ನಂಬಿದ್ದೆವೆ? ಕಡಿಮೆ ದರದ ಮೇಲೂ ಊರಿನ ಹೆಸರಿನ ಮೇಲೂ ಭಾರ ಹಾಕಿದ್ದೆವು ಎಂದರೆ ಹೆಚ್ಚು ಸರಿಯಾದೀತು. ಆ ಮನೆಯಲ್ಲಿ ನಿಜವಾಗಿ ನಂಬಿದವಳು ಒಬ್ಬಳೇ. ಅವಳಿಗೆ ನಮ್ಮಿಂದ ಮುಂಗಡವಿಲ್ಲ, ಲಾಭವಿಲ್ಲ. ಕೆಳಗಿನ ಮುದುಕಿಯ ಬಕೀಟನ್ನು ಅವಳೂ ನೋಡಿರಬೇಕು.

ಪುಣ್ಯಕೋಟಿಯ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ಯಾವಾಗಲೂ ಹಸುವಿನ ಸತ್ಯವನ್ನು ಕೊಂಡಾಡುತ್ತೇವೆ. ಒಮ್ಮೆ ಹುಲಿಯ ಕಡೆಯಿಂದಲೂ ನೋಡಬೇಕು. ಹಸಿದ ಅರ್ಬುತನಿಗೆ ಜಾಮೀನಿಲ್ಲ, ಸಾಕ್ಷಿಯಿಲ್ಲ, ಹಸು ಬಾರದಿದ್ದರೆ ಹೋಗಿ ಕೇಳಲು ಕಚೇರಿಯಿಲ್ಲ. ಬಿಟ್ಟದ್ದಾದರೂ ಯಾವ ಧೈರ್ಯದಿಂದ? ನಮಗೆ ತೋರುವುದೇನೆಂದರೆ, ಹುಲಿಯ ಮುಂದೆ ಒಂದು ಪುರಾವೆ ಇತ್ತು. ಸಾಯುವ ಹೊತ್ತಿನಲ್ಲಿ ಆ ಹಸು ಕೇಳಿದ್ದು ದೊಡ್ಡಿಯಲ್ಲಿ ಕಾದಿರುವ ಕರುವಿನ ಹಸಿವಿಗಾಗಿ ಒಂದಿಷ್ಟು ಹೊತ್ತು. ತನಗೆ ಏನೂ ಮಾಡಲಾರದ ಒಂದು ಜೀವದ ಋಣವನ್ನು ಹೀಗೆ ನೆನೆಯುವವಳು, ತನ್ನ ಮಾತಿನ ಋಣವನ್ನೂ ನೆನೆದಾಳು. ಹುಲಿ ಓದಿದ್ದು ಆ ಮುಖವನ್ನು. ಕಂತ್ರಾಟುದಾರನನ್ನು ಅಳೆಯುವುದಕ್ಕೂ ಇದಕ್ಕಿಂತ ಒಳ್ಳೆಯ ಕೋಲು ನಮಗೆ ಸಿಕ್ಕಿಲ್ಲ. ನಮ್ಮೆದುರು ಅವನು ಹೇಗಿದ್ದಾನೆಂದು ನೋಡಿ ಫಲವಿಲ್ಲ. ನಮ್ಮ ಕೈಯಲ್ಲಿ ಅವನ ಹಣವಿದೆ. ಅವನ ಕೈಕೆಳಗಿನ ಬಿಗಾರಿಗೆ ಶನಿವಾರದ ಕೂಲಿ ಶನಿವಾರವೇ ಸಿಗುತ್ತದೆಯೆ, ಚಹದ ಹೊತ್ತಿನಲ್ಲಿ ಅವಳಿಗೂ ಒಂದು ಲೋಟ ಬರುತ್ತದೆಯೆ, ಕೈಗೆ ಏಟಾದರೆ ಯಾರು ಔಷಧಿಗೆ ಕೊಡುತ್ತಾರೆ? ಇದನ್ನು ನೋಡಲು ಅವನ ಹಿಂದಿನ ಕೆಲಸ ನಡೆಯುತ್ತಿರುವ ಮನೆಗೆ ಅರ್ಧ ಗಂಟೆ ಹೋಗಿಬಂದರೆ ಸಾಕು. ನಾವು ಹೋಗಿದ್ದಾಗ ಟೈಲ್ಸಿನ ಬಣ್ಣ ನೋಡಿ ಬಂದೆವು.

ಎಚ್ಚರ ಬೇಡವೆಂದು ಇದರ ಅರ್ಥವಲ್ಲ. ಮುಂದೆ ಕೆಲಸ ಮಾಡಿಸುವವರಿಗೆ ಇಷ್ಟನ್ನಾದರೂ ಹೇಳುತ್ತೇವೆ. ಒಟ್ಟು ಮೊತ್ತಕ್ಕೆ ಒಪ್ಪಬೇಡಿ, ಬಾಬುವಾರು ಬರೆಸಿಕೊಳ್ಳಿ. ಮುಂಗಡ ಮೊದಲ ವಾರದ ಸಾಮಾನಿಗೆ ಆಗುವಷ್ಟಿರಲಿ, ಉಳಿದದ್ದು ಕೆಲಸ ಮುಗಿದಂತೆ. ಪೈಪಿಗೆ ಒತ್ತಡದ ಪರೀಕ್ಷೆ ಆಗದೆ ಗೋಡೆ ಮುಚ್ಚಲು ಬಿಡಬೇಡಿ. ಮುಚ್ಚುವ ಮುಂಚೆ ಫೋಟೋ ತೆಗೆದಿಡಿ. ಕಾಂಕ್ರೀಟಿಗೆ ಕಡಿಮೆಯೆಂದರೆ ಏಳು ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಹತ್ತು ದಿನ ನೀರುಣಿಸಲೇಬೇಕು; ಅವಸರ ನಮ್ಮದಾದರೆ ತಪ್ಪೂ ನಮ್ಮದೇ. ಕಾನೂನೂ ಇದೆ. ಕುಶಲಕರ್ಮಿಗಳಿಂದ ಪ್ರಜೆಗಳನ್ನು ಕಾಯುವ ಅಧ್ಯಾಯವೊಂದನ್ನು ಕೌಟಿಲ್ಯನೇ ಬರೆದಿಟ್ಟಿದ್ದಾನೆ. ಮನೆ ಕಟ್ಟುವುದೂ ಗ್ರಾಹಕ ಕಾನೂನಿನಲ್ಲಿ ಸೇವೆಯೇ ಎಂದು ಸುಪ್ರೀಂ ಕೋರ್ಟು 1993ರಲ್ಲಿ ಹೇಳಿತು. 1986ರ ಆ ಕಾನೂನಿನ ಬದಲಿಗೆ ಬಂದ 2019ರ ಕಾನೂನಿನಲ್ಲೂ ಎರಡು ವರ್ಷದೊಳಗೆ ದೂರು ಕೊಡಬಹುದು. ಕಟ್ಟಡದ ರಚನೆಯ ದೋಷಕ್ಕೆ ಬಿಲ್ಡರನು ಐದು ವರ್ಷ ಹೊಣೆಯೆಂದು 2016ರ ರೇರಾ ಕಾನೂನು ಹೇಳುತ್ತದೆ. ಆದರೆ ಬಚ್ಚಲು ರಿಪೇರಿ ಮಾಡುವವನ ತನಕ ಅದರ ಕೈ ಚಾಚುವುದಿಲ್ಲ. ಇದೆಲ್ಲ ಬೇಕು. ಆದರೆ ಇದರಲ್ಲಿ ಯಾವುದೂ ನಮ್ಮನ್ನು ಕಾಯಲಿಲ್ಲ. ಕಾದದ್ದು ದಿನಗೂಲಿಯ ಒಬ್ಬ ಹೆಂಗಸಿನ ಮನಸ್ಸು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ತಿರುಗಿ ಹಾಕಿ ಬಾ ಎಂದು ಕಳುಹಿಸಿದವಳು ಲಕ್ಕಮ್ಮ. ಕಾಯಕದ ಮಾತು ಬಂದಾಗಲೆಲ್ಲ ವೇದಿಕೆಯ ಮೇಲೆ ಈ ಕಥೆ ಬರುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಕಾಯಕ ಮಾಡುವವರು ಹೇಗಿರಬೇಕೆಂದು ನಮಗೆ ಚೆನ್ನಾಗಿ ಗೊತ್ತು. ಮಾಡಿಸಿಕೊಳ್ಳುವವರಿಗೂ ಒಂದು ಕಾಯಕವುಂಟೆ ಎಂದು ಕೇಳಿಕೊಳ್ಳುವುದು ಅಪರೂಪ. ಹೊತ್ತಿಗೆ ಸರಿಯಾಗಿ ಹಣ ಕೊಡುವುದು, ಕೊನೆಯ ಕಂತಿಗೆ ನೆವ ಹುಡುಕದಿರುವುದು, ಮನೆಯಲ್ಲಿ ಕೆಲಸ ಮಾಡುವವಳಿಗೆ ಸೊಸೈಟಿಯ ಯಾವ ಬಚ್ಚಲು ಎಂದು ವಿಚಾರಿಸುವುದು. ನಮ್ಮ ಮನೆಯಲ್ಲಿ ಹದಿಮೂರು ದಿನ ಬಚ್ಚಲು ಕಟ್ಟಲು ದುಡಿದವಳು ಬಚ್ಚಲಿಗೆ ಎಲ್ಲಿ ಹೋಗುತ್ತಿದ್ದಳೆಂಬುದು ನಮಗೆ ಇಂದಿಗ��� ಗೊತ್ತಿಲ್ಲ.

ಮರುವರ್ಷ ಮಳೆ ಮುಗಿದ ಮೇಲೆ ಕೆಳಗಿನ ಅಜ್ಜಿ ತಮ್ಮ ಸೂರಿಗೆ ಸುಣ್ಣ ಹೊಡೆಸಿ, ಒಣಗಿದ ಬಚ್ಚಲನ್ನು ತೋರಿಸಲು ನಮ್ಮನ್ನು ಕರೆದರು. ತಟ್ಟೆಯಲ್ಲಿ ಸುಖಡಿ ಇಟ್ಟುಕೊಟ್ಟರು. ಆ ದಿನ ಮನಸ್ಸು ಕೂರಲಿಲ್ಲ. ಮರುದಿನ ಬೆಳಿಗ್ಗೆ ಏಳೂವರೆಗೆ ನಾಕಾಕ್ಕೆ ಹೋದೆವು. ಬುತ್ತಿಗಂಟು ಹಿಡಿದು ಸಾಲಾಗಿ ನಿಂತಿದ್ದರು, ಅರ್ಧಕ್ಕರ್ಧ ಕನ್ನಡವೇ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹತ್ತು ಮಂದಿ ಸುತ್ತ ಕೂಡಿದರು, ಕೆಲಸಕ್ಕೆ ಕರೆಯಲು ಬಂದಿದ್ದೇವೆಂದು. ಯಾದಗಿರಿ ಕಡೆಯ ಒಬ್ಬ ಹೆಂಗಸು, ಹೋದ ವರ್ಷ ನಮ್ಮ ಮನೆಗೆ ಬರುತ್ತಿದ್ದಳು, ಸ್ವಲ್ಪ ಕುಳ್ಳು, ಕೈಮೇಲೆ ಹಚ್ಚೆ ಇತ್ತು ಎಂದೆವು.

“ಹಂಗಂದ್ರ ಭಾಳ ಮಂದಿ ಅದಾರ್ರಿ” ಎಂದ ಒಬ್ಬ ಮುದುಕ. “ಹೆಸರೇನ್ರಿ ಆಕಿದು?”

ನಾವು ಕೇಳಿರಲಿಲ್ಲ.